ಮುಳ್ಳಿಲ್ಲದ ಹಣ್ಣಿನ ಗಿಡ

ನಮ್ಮ ಮನೆಯಲ್ಲಿ ಚೂಪಾದ ವಸ್ತು ಒಂದೂ ಕೈಗೆಟುಕುವ ಹಾಗೆ ಇರುತ್ತಿರಲಿಲ್ಲ. ಈಳಿಗೆಮಣೆ, ಚಾಕು, ಕತ್ತರಿ, ಅಪ್ಪ ಗಡ್ಡ ಹೆರೆಯುವ ಬ್ಲೇಡು, ಹೊಲಿಗೆಯ ಸೂಜಿ ಎಲ್ಲವೂ ಅಡುಗೆಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತಿದ್ದವು. ಬೀಗದ ಕೈ ಅವ್ವನ ಕೊರಳಿನ ಕರಿಮಣಿ ಸರದಲ್ಲಿ. ತರಕಾರಿ ಹೆಚ್ಚಬೇಕಾದಾಗ ಅವ್ವ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಹೆಚ್ಚಿ ಮುಗಿಸಿ, ಈಳಿಗೆ ತೊಳೆದು, ಒರೆಸಿ, ಪೆಟ್ಟಿಗೆಗೆ ಸೇರಿಸಿದ ಮೇಲೆಯೇ ಬಾಗಿಲು ತೆಗೆಯುವುದು. ಅಪ್ಪ ನಾಪೋಕ್ಲಿನಿಂದ ಮೇಲಕ್ಕೆ, ಗುಡ್ಡದ ಮೇಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಂಜೆ ಪಿಕ್ಕಿಂಗ್ ಮಾಡಿದ ಹಣ್ಣು ತೂಗಿಸುವುದು ಅವನ ಕೆಲಸ. ಆಳುಗಳ ಸಾಲುಮನೆಗಳಿದ್ದ ಲೈನಿಗಿಂತ ಸ್ವಲ್ಪ ಕೆಳಗೆ ನಮ್ಮ ಕ್ವಾರ್ಟರ್ಸು. ಮೂರು ಕೋಣೆ, ಸಿಮೆಂಟಿನ ನೆಲ. ಆ ನೆಲದ ಮೇಲೆ ಅವ್ವ ಕಾಫಿಯ ಹಳೆಯ ಗೋಣಿಚೀಲಗಳಿಗೆ ಹುಲ್ಲು ತುಂಬಿ, ಹೊಲಿದು, ಗೋಡೆಯಿಂದ ಗೋಡೆಗೆ ಹಾಸಿದ್ದಳು. ಹೊಸ್ತಿಲುಗಳ ಮೇಲೆ ಗೋಣಿ. ಮೇಜಿನ ನಾಲ್ಕು ಮೂಲೆಗಳಿಗೆ ಹಳೆಯ ಸೀರೆಯ ಸುತ್ತು. ಮಂಚದ ಕಾಲುಗಳಿಗೂ ಸುತ್ತು. ಹೊರಗಿನಿಂದ ಬಂದವರು ಒಳಗೆ ಕಾಲಿಟ್ಟ ಕೂಡಲೇ ತಡವರಿಸುತ್ತಿದ್ದರು, ನೆಲ ಮೆತ್ತಗೆ ಕುಸಿಯುತ್ತಿತ್ತು. ನಾನು ಇವತ್ತಿಗೂ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮೇಜಿನ ಮೂಲೆಗಳನ್ನು.

ಇಷ್ಟೆಲ್ಲ ನನ್ನ ತಮ್ಮ ಸೂರಿಗಾಗಿ. ಅವನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಅಂಬೆಗಾಲಿಡುವಾಗಲೇ ಮಂಡಿ ಊದಿಕೊಂಡು ನೀಲಿಯಾಗಿ, ನಾಲ್ಕು ದಿನ ಅಳು ನಿಲ್ಲಿಸದೆ ಇದ್ದವನನ್ನು ಮೈಸೂರಿಗೆ ಕೊಂಡೊಯ್ದಾಗ ಅಲ್ಲಿ ಆ ಕಾಯಿಲೆಯ ಹೆಸರು ಹೇಳಿದರು. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು ಎಂದೂ ಹೇಳಿದರು. ಅವ್ವನಿಗೆ ಅದು ಹೊಸದಲ್ಲ. ಅವಳ ತವರು ಕುಶಾಲನಗರದಾಚೆಯ ಶಿರಂಗಾಲ. ಅಲ್ಲಿ ಅವಳ ಬೆನ್ನಿಗೆ ಹುಟ್ಟಿದ ತಮ್ಮನೊಬ್ಬ ಏಳನೆಯ ವರ್ಷದಲ್ಲಿ, ಹಾಲುಹಲ್ಲು ಬಿದ್ದ ಜಾಗದಿಂದ ಸುರಿದ ರಕ್ತ ನಿಲ್ಲದೆ ತೀರಿಕೊಂಡಿದ್ದ. ಆಗ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಯಾರದೋ ಕಣ್ಣು ಬಿತ್ತು ಎಂದುಕೊಂಡು ಸುಮ್ಮನಾಗಿದ್ದರು. ನಮ್ಮ ಜೊತೆಯಲ್ಲೇ ಇದ್ದ ಅಜ್ಜಿ, ಅಪ್ಪನ ತಾಯಿ, ಹಾಸನದ ಕಡೆಯವಳು, ಈ ಸಂಗತಿ ಕೇಳಿದ ದಿನದಿಂದ ಅವ್ವನನ್ನು ಸುಮ್ಮನೆ ಬಿಡಲಿಲ್ಲ.

"ಗೊತ್ತಿದ್ದೂ ಮದುವೆ ಮಾಡಿ ಕಳಿಸಿದ್ರಲ್ಲ ನಿಮ್ಮೋರು! ನಿಮ್ಮ ಮನೆ ಹುಳುಕನ್ನ ತಂದು ನಮ್ಮನೆ ಮಗೀಗೆ ಸುರಿದ್ಯಲ್ಲ!"

"ನಾನೇನು ಬೇಕೂಂತ ತಂದ್ನಾ ಅತ್ತೆ?"

ಈ ಎರಡು ಮಾತು ನಮ್ಮ ಮನೆಯಲ್ಲಿ ಅದೆಷ್ಟು ಸಲ ನಡೆಯಿತೋ. ಸೊಪ್ಪಿಗೆ ಉಪ್ಪು ಹೆಚ್ಚಾದರೂ ಜಗಳ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾನು ಅಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅಜ್ಜಿ ಅವ್ವನನ್ನು ಬೈಯುವಾಗ ನನ್ನ ಕಡೆಗೂ ಒಮ್ಮೆ ನೋಡುತ್ತಿದ್ದಳು. ಆ ನೋಟಕ್ಕೆ ಅರ್ಥ ಆಮೇಲೆ ಗೊತ್ತಾಯಿತು. ಇಪ್ಪತ್ತೈದರ ಪ್ರಾಯದಲ್ಲಿ ನಾನೂ ಮೈಸೂರಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ನನ್ನಲ್ಲೂ ಇದೆ ಎಂದರು. ನನ್ನನ್ನು ಮದುವೆಯಾದವರಿಗೆ ಮೊದಲೇ ಹೇಳಿದ್ದೆ. ನಮಗೆ ಮಕ್ಕಳಿಲ್ಲ.

ಸೂರಿಗೆ ಹಲ್ಲಿನ ವಸಡು ಗೀರಿದರೆ ಕಷ್ಟವೆಂದು ನಮ್ಮ ಮನೆಯ ಊಟವೆಲ್ಲ ಮೆತ್ತಗೆ. ಮುದ್ದೆ, ಬಸ್ಸಾರು, ಹಾಲಿನಲ್ಲಿ ನೆನೆಸಿ ಕಿವುಚಿದ ಅಕ್ಕಿರೊಟ್ಟಿ. ಗೌರಿಹಬ್ಬಕ್ಕೆ ಚಕ್ಕುಲಿ ಇಲ್ಲ, ದೀಪಾವಳಿಗೆ ಕೋಡುಬಳೆ ಇಲ್ಲ. ಮೀನಿನ ಮುಳ್ಳಿಗೆ ಹೆದರಿ ಮೀನನ್ನೇ ಬಿಟ್ಟೆವು. ಆಯುಧಪೂಜೆಯ ದಿನ ಮಾತ್ರ ಆ ತಗಡಿನ ಪೆಟ್ಟಿಗೆ ನಡುಮನೆಗೆ ಇಳಿಯುತ್ತಿತ್ತು. ಅಪ್ಪ ಚಾಕು, ಕತ್ತರಿ, ಈಳಿಗೆ ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದ. ಸೂರಿ ಬಾಗಿಲಾಚೆ, ಅಜ್ಜಿಯ ತೋಳಿನೊಳಗೆ ಸಿಕ್ಕಿಕೊಂಡು ನಿಂತು, ಬೇರೆ ಮಕ್ಕಳು ತೇರು ನೋಡುವ ಹಾಗೆ ಅವನ್ನು ನೋಡುತ್ತಿದ್ದ. ಒಂದು ಸಲ ಕೇಳಿದ:

"ಅಪ್ಪ, ಇವು ನಮ್ಮವೇನಾ?"

ಬೇಸಿಗೆ ರಜೆಯಲ್ಲಿ ಲೈನಿನ ಮಕ್ಕಳೆಲ್ಲ ಎಸ್ಟೇಟಿನ ಬೇಲಿಗುಂಟ ಓಡಾಡಿ, ಮುಳ್ಳುಪೊದೆಯೊಳಗೆ ಕೈ ತೂರಿಸಿ, ಸಣ್ಣ ಸಣ್ಣ ಕಾಡುಹಣ್ಣು ಕಿತ್ತು ತಿನ್ನುತ್ತಿದ್ದರು. ಸಂಜೆ ಬರುವಾಗ ಅವರ ಮೊಣಕೈವರೆಗೆ ಕೆಂಪು ಗೀರುಗಳು. ಅದೊಂದು ದೊಡ್ಡಸ್ತಿಕೆ. ನನ್ನ ಗೆಳತಿ ಸೆಲ್ವಿ ಲೈನಿನ ಮೊದಲ ಮನೆಯವಳು. ಅವರ ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ. ಅವಳು ಎಲೆಯಲ್ಲಿ ಕಟ್ಟಿ ಹಣ್ಣು ತಂದು ಕಿಟಕಿಯಿಂದ ಸೂರಿಗೆ ಕೊಡುತ್ತಿದ್ದಳು. ಸೂರಿ ತಿನ್ನುತ್ತಿದ್ದ. ಆದರೆ ಅವನಿಗೆ ಬೇಕಾಗಿದ್ದದ್ದು ತಿನ್ನುವುದಲ್ಲ, ಕೀಳುವುದು. ಆರು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಅವನು ಯಾರಿಗೂ ಹೇಳದೆ ಬೇಲಿಗೆ ಹೋಗಿಬಿಟ್ಟ. ಅಪ್ಪ ಹುಡುಕಿ ಎತ್ತಿಕೊಂಡು ಬಂದಾಗ ಅವನ ಮುಂಗೈ ಮೇಲೆ ಮೂರು ಗೀರು. ಅವ್ವ ಅರಿಸಿನ ಮೆತ್ತಿ, ಬಟ್ಟೆ ಸುತ್ತಿ, ಆ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದು ಮಾರನೆಯ ದಿನದವರೆಗೂ ಕೂತಿದ್ದಳು. ಅಷ್ಟು ಹೊತ್ತೂ ಸೂರಿ ಅಳಲಿಲ್ಲ. ಅಪ್ಪನೇ ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದಾಗಿ ಒಂದು ತಿಂಗಳಿಗೆ ಗಿಡ ಬಂತು. ಎಸ್ಟೇಟಿನ ಬಂಗಲೆಯಲ್ಲಿ ಯಜಮಾನರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಗಿಡಗಳ ಹುಚ್ಚಿನವರು. ಊಟಿಯ ಕಡೆಯಿಂದ ಅವರ ಅಕ್ಕ ಕಳಿಸಿದ ಕಪ್ಪು ಹಣ್ಣು ಬಿಡುವ ಒಂದು ಬ್ಲಾಕ್‌ಬೆರ್ರಿ ಬಳ್ಳಿ ಅವರ ತೋಟದಲ್ಲಿತ್ತು. ಸೂರಿಯ ಗೀರಿನ ಕಥೆ ಕೇಳಿ ಅವರೇ ಅಪ್ಪನನ್ನು ಕರೆಸಿದರಂತೆ. ಬಳ್ಳಿಯ ತುದಿಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸಿದ್ದ ಒಂದು ಕುಡಿಯನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದರು. ಅಪ್ಪ ಅದನ್ನು ಮನೆಗೆ ತಂದು, ನಡುಮನೆಯಲ್ಲಿ ಕೂತಿದ್ದ ಸೂರಿಯ ಕೈ ಹಿಡಿದು, ಅವನ ಹೆಬ್ಬೆರಳನ್ನು ಆ ಹಸಿರು ಕಡ್ಡಿಯ ಮೇಲೆ ಬುಡದಿಂದ ತುದಿಯವರೆಗೆ ಸವರಿಸಿದ.

"ಏನಾದ್ರೂ ಚುಚ್ತಾ?"

"ಇಲ್ಲ."

"ಇನ್ನೊಂದ್ಸಲ ಸವರು."

"ಇಲ್ಲ ಅಪ್ಪ. ನುಣ್ಣಗದೆ."

ಅವ್ವ ನಂಬಲಿಲ್ಲ. ತಾನೇ ಕಡ್ಡಿಯನ್ನು ತೆಗೆದುಕೊಂಡು ಕೆನ್ನೆಗೆ, ಕುತ್ತಿಗೆಗೆ ಉಜ್ಜಿ ನೋಡಿದಳು. ಎಲೆಗಳ ಅಡಿಯನ್ನೂ ಬಿಡಲಿಲ್ಲ. ಆಮೇಲೆ ಅಪ್ಪನನ್ನು ಕೇಳಿದಳು:

"ಮಳೇಲಿ ಹಣ್ಣು ನಿಲ್ತದಾ?"

"ಇದು ಬೇಗ ಆಗೋ ಜಾತಿಯಂತೆ. ಮಳೆ ಹಿಡಿಯೋಕೆ ಮುಂಚೆ, ಮೇ ತಿಂಗಳಲ್ಲೇ ಹಣ್ಣಾಗ್ತದಂತೆ. ಅಮ್ಮಾವ್ರು ಹೇಳಿದ್ರು."

ಮನೆಯ ಬಲಮಗ್ಗುಲಿಗೆ, ಅಡುಗೆಮನೆಯ ಕಿಟಕಿಯಿಂದ ಕಾಣುವ ಜಾಗದಲ್ಲಿ ಅದನ್ನು ನೆಟ್ಟರು. ಎರಡು ಗೂಟ ಹುಗಿದು ತಂತಿ ಕಟ್ಟಬೇಕಿತ್ತು. ತಂತಿಯ ತುದಿಗೆ ಹೆದರಿ ಅಪ್ಪ ತೆಂಗಿನ ಹಗ್ಗ ಕಟ್ಟಿದ. ಸೂರಿಗೆ ಕೂರಲು ಒಂದು ಮರದ ಮಣೆ, ಅದಕ್ಕೂ ಗೋಣಿಯ ಹೊದಿಕೆ. ಲೈನಿನ ಮಕ್ಕಳಿಗೆ ಬೇಲಿ ಇತ್ತು, ಸೂರಿಗೆ ಈ ಗಿಡ. ಬೆಳಿಗ್ಗೆ ಎದ್ದವನು ಹಲ್ಲುಜ್ಜುವ ಮೊದಲು ಕಿಟಕಿಗೆ ಹೋಗಿ ಅದನ್ನು ನೋಡುತ್ತಿದ್ದ.

ಮೊದಲ ಬೇಸಿಗೆಯಲ್ಲಿ ಒಂದು ಹೂವೂ ಬರಲಿಲ್ಲ. ಬಳ್ಳಿ ಮಾತ್ರ ಕೈ ಬೀಸಿಕೊಂಡು ಹಗ್ಗದ ಉದ್ದಕ್ಕೂ ಹೋಯಿತು. ಅಜ್ಜಿ ಅದನ್ನು ಬಂಜೆಗಿಡ ಎಂದಳು. ಅವಳ ಮಾತು ಗಿಡದ ಮೇಲೆ ಹೊರಟರೂ ಅವ್ವನಿಗೆ ತಗಲುವಂತೆಯೇ ಇರುತ್ತಿತ್ತು. ಎರಡನೆಯ ವರ್ಷ ಮಾರ್ಚಿನಲ್ಲಿ, ಕಾಫಿಗೆ ಹೂಮಳೆ ಬಿದ್ದ ವಾರದಲ್ಲೇ, ಹಳೆಯ ಬಳ್ಳಿಗಳ ಮೇಲೆ ಬಿಳಿ ಹೂ ಬಂದವು. ನಮ್ಮ ಕಡೆಯ ಚಳಿ ಅದಕ್ಕೆ ಸಾಲದೆಂದು ಅಮ್ಮಾವ್ರು ಹೇಳಿದ್ದು ನಿಜವಿರಬೇಕು, ಹೂ ಹೆಚ್ಚಿರಲಿಲ್ಲ. ಕಾಯಿ ಕಟ್ಟಿ, ಕೆಂಪಾಗಿ, ಮೇ ನಡುವಿಗೆ ಕಪ್ಪಾದದ್ದು ಹನ್ನೊಂದು. ಸೂರಿ ಎರಡು ದಿನ ಮಣೆಯ ಮೇಲೆ ಕೂತು ಅವನ್ನು ಕಾದ. ಹೊಳೆಯುವ ಹಣ್ಣು ಇನ್ನೂ ಹುಳಿ, ಹೊಳಪು ಹೋಗಿ ಮಂಕಾಗಿ, ಮುಟ್ಟಿದರೆ ಕೈಗೆ ಬಿದ್ದುಬಿಡುವುದೇ ಸಿಹಿ ಎಂದು ಅವನೇ ಕಂಡುಕೊಂಡ. ಮೊದಲನೆಯದು ದೇವರಿಗೆ, ಎರಡನೆಯದು ಅಜ್ಜಿಗೆ, ಆಮೇಲೆ ನಮಗೆಲ್ಲ ಒಂದೊಂದು ಎಂದು ಅವ್ವ ಹೇಳಿ ಒಳಗೆ ಹೋದಳು. ಸೂರಿಗೆ ಅಷ್ಟು ತಡೆಯಲಾಗಲಿಲ್ಲ.

ಅವ್ವ ಹೊರಗೆ ಬಂದಾಗ ಅವನ ಬಾಯಿ, ಗಲ್ಲ, ಅಂಗಿಯ ಎದೆಯೆಲ್ಲ ಕೆಂಪು. ಅವಳು ಕೂಗಿದ ಕೂಗಿಗೆ ಲೈನಿನಿಂದ ಜನ ಓಡಿ ಬಂದರು. ಸೂರಿ ಹೆದರಿ ಬಾಯಿ ತೆರೆದು ತೋರಿಸಿದ. ಅವ್ವ ಬೆರಳು ಹಾಕಿ ವಸಡು, ನಾಲಗೆ ಎಲ್ಲ ತಡವಿ ನೋಡಿದಳು. ಆದರೂ ಧೈರ್ಯ ಬರಲಿಲ್ಲ. ಅಂಗಿ ಬಿಚ್ಚಿಸಿ ಕಲ್ಲಿನ ಮೇಲೆ ಹಾಕಿ ಸೋಪು ಉಜ್ಜಿದಳು. ನಮ್ಮ ಕಣ್ಣೆದುರೇ ಕೆಂಪು ಕಲೆ ನೀಲಿಯಾಯಿತು. ರಕ್ತದ ಕಲೆ ಹಾಗಾಗುವುದಿಲ್ಲ. ಅವ್ವ ಅಲ್ಲೇ ನೀರಿನಲ್ಲಿ ಕೂತುಬಿಟ್ಟಳು.

"ನೀಲಿ ಆಯ್ತು ಕಣೋ ಸೂರಿ. ನೋಡೇ ಲಲ್ಲಿ, ನೀಲಿ ಆಯ್ತು!"

ನಗುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಮತ್ತೆ ಸೋಪು ಉಜ್ಜುತ್ತಿದ್ದಳು. ಆ ದಿನ ಅಜ್ಜಿಯೂ ನಕ್ಕಳು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕ ಇನ್ನೊಂದು ದಿನ ನನಗೆ ನೆನಪಿಗೆ ಬರುವುದಿಲ್ಲ.

ಆ ವರ್ಷ ಹಣ್ಣು ಮುಗಿದ ಮೇಲೆ ಅಪ್ಪ, ಅಮ್ಮಾವ್ರು ಹೇಳಿಕೊಟ್ಟ ಹಾಗೆ, ಹಣ್ಣು ಬಿಟ್ಟ ಬಳ್ಳಿಗಳನ್ನು ಬುಡದಿಂದ ಕಡಿದ. ಸೂರಿಗೆ ಅದು ಅನ್ಯಾಯ ಎನ್ನಿಸಿತು.

"ಹಣ್ಣು ಕೊಟ್ಟಿದ್ದಕ್ಕೆ ಕಡೀತೀಯಾ ಅಪ್ಪ?"

"ಅದು ಇನ್ನು ಬದುಕಲ್ಲ ಕಣೋ. ಒಂದ್ಸಲ ಹಣ್ಣು ಬಿಟ್ಟ ಬಳ್ಳಿ ತಾನಾಗೇ ಒಣಗ್ತದೆ. ಮುಂದಿನ ವರ್ಷದ್ದು ಈ ಹೊಸದು."

ಆ ಹೊಸ ಬಳ್ಳಿಗಳು ಮೂರನೆಯ ಬೇಸಿಗೆಯಲ್ಲಿ ಚೆನ್ನಾಗಿ ಬಿಟ್ಟವು. ಸೂರಿಗೆ ಆಗ ಎಂಟು ದಾಟಿತ್ತು. ಎಡ ಮಂಡಿ ಮೂರು ನಾಲ್ಕು ಸಲ ಒಳಗೇ ರಕ್ತ ತುಂಬಿ ಊದಿ, ಪೂರ್ತಿ ನೀಡಲಾಗದೆ ಕುಂಟುತ್ತಿದ್ದ. ಶಾಲೆಗೆ ಹೋದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ದಿನವೆಲ್ಲ ಗಿಡದ ಹತ್ತಿರ. ಆ ಮೇ ತಿಂಗಳಲ್ಲಿ ಒಂದು ದಿನ ಶಿರಂಗಾಲದಲ್ಲಿ ಅವ್ವನ ಅಪ್ಪನ ತಿಥಿ ಇತ್ತು. ಸೂರಿ ಹುಟ್ಟಿದ ಮೇಲೆ ಅವ್ವ ಅವನನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ಅಪ್ಪನೇ ಒತ್ತಾಯ ಮಾಡಿ, ಒಂದೇ ದಿನಕ್ಕೆ ಎಂದು ಬೆಳಗಿನ ಬಸ್ಸಿಗೆ ಹತ್ತಿಸಿದ. ಹೊರಡುವಾಗ ಅವ್ವ ಹನ್ನೆರಡು ವರ್ಷದ ನನ್ನ ಗಲ್ಲ ಹಿಡಿದು ಹೇಳಿದಳು:

"ನಾನು ಬರೋವರೆಗೂ ಅವನ ಮಗ್ಗುಲು ಬಿಟ್ಟು ಏಳಬ್ಯಾಡ ಕಣವ್ವ."

ಮಧ್ಯಾಹ್ನದ ಊಟ ಆಯಿತು. ಅಪ್ಪ ಕೆಲಸಕ್ಕೆ ಹೋದ. ಅಜ್ಜಿ ಮಲಗಿದಳು. ನಾನು ಸೂರಿಯ ಜೊತೆ ಗಿಡದ ಹತ್ತಿರ ಕೂತೆ. ಅವನು ಹಣ್ಣು ಕೀಳುತ್ತ, ತಿನ್ನುತ್ತ, ಏನೋ ಹಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸೆಲ್ವಿ ಬಂದು ಅವರ ಮನೆಯ ಆಡು ಎರಡು ಮರಿ ಹಾಕಿದೆ, ಇನ್ನೂ ನೆಟ್ಟಗೆ ನಿಲ್ಲಲೂ ಬರುವುದಿಲ್ಲ, ಬಾ ಎಂದಳು. ಹೋದೆ. ಅರ್ಧ ಗಂಟೆ ಇರಬಹುದು, ಇನ್ನೂ ಹೆಚ್ಚಿರಬಹುದು. ತಿರುಗಿ ಬಂದಾಗ ಸೂರಿ ಮಣೆಯ ಮೇಲೆ ಕೂತಿರಲಿಲ್ಲ, ಅದರ ಪಕ್ಕ ನೆಲದ ಮೇಲೆ ಕೂತಿದ್ದ. ಬಾಯಿ ಕೆಂಪು, ಅಂಗಿ ಕೆಂಪು.

"ಅವ್ವಂಗೆ ಒಂದಾದ್ರೂ ಉಳಿಸಿದ್ಯೇನೋ ಹೊಟ್ಟೆಬಾಕ?" ಎಂದು ನಾನು ನಕ್ಕೆ.

ಅವನು ತುಟಿ ಬಿಗಿದುಕೊಂಡೇ ನಕ್ಕು ತಲೆ ಆಡಿಸಿದ. ಅಂಗಿ ಬಿಚ್ಚಿಸಿ ನಾನೇ ಒಗೆಯಲು ಕೂತೆ. ಅವ್ವ ಬರುವಷ್ಟರಲ್ಲಿ ಎಲ್ಲ ಚೊಕ್ಕಟವಾಗಿರಲಿ ಎಂದು. ಸೋಪು ಉಜ್ಜಿದೆ. ಕೆಲವು ಕಲೆ ನೀಲಿಯಾದವು. ಎದೆಯ ಮೇಲಿದ್ದ ದೊಡ್ಡ ಕಲೆ ಆಗಲಿಲ್ಲ. ಮತ್ತೆ ಉಜ್ಜಿದೆ. ಕಂದುಗೆಂಪಾಗಿಯೇ ಉಳಿಯಿತು. ನಾನು ಅದನ್ನು ನೋಡಿದೆ. ಇದನ್ನು ಬರೆಯಲೆಂದೇ ಈ ಅಧ್ಯಾಯ ಬರೆಯುತ್ತಿದ್ದೇನೆ: ನಾನು ನೋಡಿದೆ, ನನಗೆ ಗೊತ್ತಾಯಿತು. ಆದರೆ ಹೇಳಿದರೆ ನಾನು ಎದ್ದು ಹೋದದ್ದೂ ಗೊತ್ತಾಗುತ್ತದೆ ಎಂದು, ಅಂಗಿಯನ್ನು ಹಿಂಡಿ, ಮನೆಯ ಹಿಂದೆ ಯಾರಿಗೂ ಕಾಣದ ಕಡೆ ಒಣಗಹಾಕಿದೆ. ಸೂರಿಯನ್ನು ಬಾಯಿ ತೆರೆ ಎಂದೂ ಕೇಳಲಿಲ್ಲ. ಅವನು ಒಳಗೆ ಬಂದು ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಗೊತ್ತಾಯಿತು, ಮಣೆಯಿಂದ ಎದ್ದಾಗ ಮಂಡಿ ಕೈಕೊಟ್ಟು ಬಿದ್ದು, ನಾಲಗೆ ಕಚ್ಚಿಕೊಂಡಿದ್ದ. ಹೇಳಿದರೆ ಗಿಡದ ಹತ್ತಿರ ಬಿಡುವುದಿಲ್ಲ ಎಂದು ಅವನಿಗೆ ಭಯ. ಬಾಯಲ್ಲಿ ಬಂದದ್ದನ್ನೆಲ್ಲ ನುಂಗುತ್ತ ಮಲಗಿದ್ದ.

ಸಂಜೆ ಅಪ್ಪ ಬಂದು ಅವನನ್ನು ಎಬ್ಬಿಸಿದಾಗ ಸೂರಿ ಎದ್ದು ಕೂತು ವಾಂತಿ ಮಾಡಿಕೊಂಡ. ಕಪ್ಪು ಕಪ್ಪಾದ ರಕ್ತ. ಆ ವಾಸನೆ ನನಗೆ ಈಗಲೂ ಬರುತ್ತದೆ. ಬಂಗಲೆಯ ಜೀಪು ಬಂತು. ಅಮ್ಮಾವ್ರು ಶಿರಂಗಾಲದ ಒಂದು ಅಂಗಡಿಗೆ ಫೋನು ಮಾಡಿ ವಿಷಯ ಮುಟ್ಟಿಸಿದರು. ಅವ್ವ ತಿಥಿಯ ಮನೆಯನ್ನು ಹಾಗೇ ಬಿಟ್ಟು ಕುಶಾಲನಗರಕ್ಕೆ ಬಂದು ರಸ್ತೆಯಲ್ಲಿ ನಿಂತಿದ್ದಳಂತೆ. ಜೀಪು ಹತ್ತಿದವಳು ಮೈಸೂರಿನವರೆಗೆ ಸೂರಿಯನ್ನು ಮಡಿಲಲ್ಲೇ ಹಿಡಿದಿದ್ದಳಂತೆ. ಎಂಟು ದಿನ ಅಲ್ಲಿದ್ದರು. ನಾನೂ ಅಜ್ಜಿಯೂ ಮನೆಯಲ್ಲಿ. ಅಜ್ಜಿ ಆ ಎಂಟು ದಿನ ದೇವರ ಮುಂದಿನಿಂದ ಏಳಲಿಲ್ಲ. ನಾನು ಪ್ರತಿದಿನ ಹಿಂದಕ್ಕೆ ಹೋಗಿ ಅಂಗಿಯನ್ನು ಇಳಿಸಿ, ಒಗೆದು, ಮತ್ತೆ ಒಣಗಹಾಕುತ್ತಿದ್ದೆ.

ಬಂದಾಗ ಸೂರಿ ಅಪ್ಪನ ಹೆಗಲ ಮೇಲೆ ಸೀರೆಯ ಗಂಟಿನ ಹಾಗೆ ಹಗುರವಾಗಿದ್ದ. ಅವ್ವ ಅವನನ್ನು ಮಲಗಿಸಿ, ನನ್ನನ್ನು ಕರೆದು ಎದುರಿಗೆ ನಿಲ್ಲಿಸಿ ಕೇಳಿದಳು:

"ಲಲ್ಲಿ, ಅವನು ಬೀಳುವಾಗ ನೀನೆಲ್ಲಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಸೂರಿ ಹೇಳಿದ, ನಾಲಗೆ ಇನ್ನೂ ದಪ್ಪವಾಗಿಯೇ ಇತ್ತು:

"ಅಕ್ಕ ಇಲ್ಲೇ ಇದ್ಲು ಅವ್ವ. ನಾನೇ ಅವಳಿಗೆ ಹೇಳ್ಲಿಲ್ಲ."

ಅವ್ವ ಅದನ್ನು ನಂಬಿದಳು. ಸಾಯುವವರೆಗೂ ನಂಬಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಗುದ್ದಲಿ ಹಿಡಿದು ಗಿಡದ ಹತ್ತಿರ ಹೋದಳು. ಅಪ್ಪ ಅಡ್ಡ ಬಂದ.

"ಡಾಕ್ಟ್ರು ಏನಂದ್ರು ನೀನೇ ಕೇಳ್ಲಿಲ್ವಾ? ಗೀರಿಗೆ ಹೆದರಬ್ಯಾಡಿ, ಅದನ್ನ ಒತ್ತಿ ಹಿಡಿದ್ರೆ ನಿಲ್ತದೆ. ಹೆದರಬೇಕಾದ್ದು ಒಳಗೆ ಸುರಿಯೋದಕ್ಕೆ, ಅದು ಬೀಳದೇ ಇದ್ರೂ ಸುರೀತದೆ ಅಂದ್ರಲ್ಲ. ಗಿಡ ಏನು ಮಾಡ್ತು?"

"ಗಿಡ ಏನೂ ಮಾಡ್ಲಿಲ್ಲ."

"ಮತ್ತೆ?"

"ನಂಗೆ ಏನಾದ್ರೂ ಒಂದನ್ನ ಕೀಳಬೇಕು ಕಣ್ರಿ. ಇದೊಂದು ಕೈಗೆ ಸಿಗ್ತದೆ."

ಅಪ್ಪ ಪಕ್ಕಕ್ಕೆ ಸರಿದ. ಅವ್ವ ಹಗ್ಗ ಹರಿದಳು, ಬಳ್ಳಿಗಳನ್ನು ಬುಡಸಮೇತ ಅಗೆದಳು, ಬೇರುಗಳನ್ನು ತುಂಡು ತುಂಡು ಮಾಡಿದಳು. ಕೆಂಪಾದ, ಇನ್ನೂ ಹಣ್ಣಾಗದ ಗೊಂಚಲುಗಳು ಅವಳ ಕಾಲಡಿ ಮಣ್ಣಿನಲ್ಲಿ ಅಪ್ಪಚ್ಚಿಯಾದವು. ಸೂರಿ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವನು ಬೇಡ ಎಂದು ಕೂಗಲಿಲ್ಲ, ಹಟ ಮಾಡಲಿಲ್ಲ. ಅವ್ವನಿಗೆ ಗೊತ್ತಿಲ್ಲವೇನೋ ಎಂಬಂತೆ, ಸಮಾಧಾನವಾಗಿ ಹೇಳಿದ:

"ಅದಕ್ಕೆ ಮುಳ್ಳಿಲ್ಲ ಕಣವ್ವ."

ಮಳೆ ಹಿಡಿಯಿತು. ಜುಲೈ ಹೊತ್ತಿಗೆ ಅಗೆದ ಜಾಗದಲ್ಲಿ, ಅದರ ಸುತ್ತ ಒಂದು ಮಾರು ದೂರದವರೆಗೆ, ಏಳೆಂಟು ಕಡೆ ಚಿಗುರು ಎದ್ದಿತು. ಮೊದಲು ನೋಡಿದವನು ಸೂರಿ. ಗಿಡ ಸತ್ತಿಲ್ಲ ಎಂದು ಮನೆಯೆಲ್ಲ ಕುಂಟುತ್ತ ಓಡಾಡಿದ. ಮಳೆ ಬಿಟ್ಟಾಗ ಅಪ್ಪ ಅವನನ್ನು ಎತ್ತಿಕೊಂಡು ಹೋಗಿ, ಬಗ್ಗಿ ಒಂದು ಚಿಗುರನ್ನು ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡ. ಬುಡದಿಂದ ತುದಿಯವರೆಗೆ ಒತ್ತೊತ್ತಾಗಿ ಮುಳ್ಳು. ಇನ್ನೊಂದನ್ನು ನೋಡಿದ, ಅದಕ್ಕೂ. ಎಲ್ಲದಕ್ಕೂ. ಬಂಗಲೆಗೆ ಹೋಗಿ ಕೇಳಿ ಬಂದ. ಅಮ್ಮಾವ್ರು ಹೇಳಿದ್ದನ್ನು ಊಟಕ್ಕೆ ಕೂತಾಗ ನಮಗೆ ಹೇಳಿದ:

"'ಈ ಜಾತಿ ಹಾಗೇ ಉಂಟು ರೈಟ್ರೇ' ಅಂದ್ರು. ಮೇಲಿನ ಬಳ್ಳಿಗೆ ಮಾತ್ರ ಮುಳ್ಳಿಲ್ಲ, ಬೇರಲ್ಲಿ ಇದ್ದೇ ಇರ್ತದಂತೆ. ತುದಿ ಮಣ್ಣಿಗೆ ತಾಗಿಸಿ ಬರಿಸಿದ್ದು ನುಣ್ಣಗೆ. ಬೇರು ಕಡಿದು ಬಂದದ್ದು ಹಿಂಗೆ."

"ಇನ್ನೊಂದು ಕುಡಿ ಕೊಡ್ತಾರಂತಾ?" ಸೂರಿ ಕೇಳಿದ.

"ಅವರ ಗಿಡಾನೂ ಈ ಮಳೆಗೆ ಬೇರು ಕೊಳೆತು ಹೋಯ್ತಂತೆ ಮಗ."

ಸೂರಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಆಮೇಲೆ ಗಿಡದ ಮಾತನ್ನೇ ಎತ್ತಲಿಲ್ಲ. ಅವ್ವ ಆ ಚಿಗುರುಗಳನ್ನು ಎರಡು ಮೂರು ಸಲ ಕಡಿದಳು. ಕಡಿದಷ್ಟೂ ಬಂದವು. ಮಳೆಯಲ್ಲಿ ಅವಳಿಗೆ ಬೇರೆ ಕೆಲಸವಿತ್ತು. ಸೂರಿಯ ಇನ್ನೊಂದು ಮಂಡಿಯೂ ಊದಲು ಶುರುವಾಗಿತ್ತು. ಕೊನೆಗೆ ಆ ಕಿಟಕಿಯನ್ನೇ ಮುಚ್ಚಿ ಬಿಟ್ಟಳು.

ಜನವರಿಯಲ್ಲಿ, ಪಿಕ್ಕಿಂಗ್ ನಡೆಯುವಾಗ, ಒಂದು ಬೆಳಿಗ್ಗೆ ಸೂರಿ ತಲೆ ನೋಯುತ್ತಿದೆ ಎಂದ. ಹಾಲು ಬೇಡ ಎಂದ. ಅವ್ವ ಅವನನ್ನು ಬೆತ್ತಲೆ ಮಾಡಿ ಬೆಳಕಿಗೆ ನಿಲ್ಲಿಸಿ, ತಲೆಗೂದಲ ಬುಡದಿಂದ ಅಂಗಾಲಿನವರೆಗೆ ನೋಡಿದಳು. ಒಂದು ನೀಲಿ ಚುಕ್ಕೆಯೂ ಇರಲಿಲ್ಲ.

"ಎಲ್ಲಿ ಬಿದ್ಯೋ? ಬೈಯಲ್ಲ, ಹೇಳು."

"ಬಿದ್ದಿಲ್ಲ ಅವ್ವ."

"ಗೋಡೆಗೆ ತಾಗಿತಾ?"

"ಇಲ್ಲ ಅವ್ವ. ಬೆಳಕು ಚುಚ್ತದೆ, ಬಾಗಿಲು ಹಾಕು."

ಹತ್ತು ಗಂಟೆಗೆ ವಾಂತಿ, ಆಮೇಲೆ ನಿದ್ದೆ. ನಿದ್ದೆಯಿಂದ ಎಬ್ಬಿಸಲು ಆಗಲಿಲ್ಲ. ಜೀಪು ಸುಂಟಿಕೊಪ್ಪ ದಾಟಿದ ಮೇಲೆ ಅಪ್ಪ ಡ್ರೈವರನಿಗೆ ತಿರುಗಿಸು ಎಂದನಂತೆ. ಮಧ್ಯಾಹ್ನ ಮೂರು ಗಂಟೆಗೆ ಅವರು ತಿರುಗಿ ಬಂದಾಗ ತೂಕದ ಕಟ್ಟೆಯ ಹತ್ತಿರ ಆಳುಗಳೆಲ್ಲ ಕಾಫಿಹಣ್ಣಿನ ಚೀಲ ಇಳಿಸಿ ನಿಂತಿದ್ದರು. ಬರೆದುಕೊಳ್ಳುವವನು ಇರಲಿಲ್ಲ. ಈಗ ಆ ಕಾಯಿಲೆಗೆ ಒಳ್ಳೆಯ ಇಂಜೆಕ್ಷನ್ ಇದೆ, ದೂರ ಹೋಗಬೇಕಾಗಿಲ್ಲ ಎಂದು ಜನ ನನಗೆ ಹೇಳುತ್ತಾರೆ. ಸಂತೋಷದ ಸುದ್ದಿ ಎಂದು ಹೇಳುತ್ತಾರೆ. ನಾನು ಹೌದಾ ಎನ್ನುತ್ತೇನೆ.

ಅವ್ವ ಆಮೇಲೆ ಎಷ್ಟೋ ವಾರ ಮನೆಯಲ್ಲಿ ಆ ಮೂಲೆಯನ್ನು ಹುಡುಕಿದಳು. ಅವನ ತಲೆ ತಾಗಿದ ಮೂಲೆ. ಬೀಳದೆಯೂ ಒಳಗೆ ಸುರಿಯುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಬಾಯಿಪಾಠವಿತ್ತು, ಆದರೂ ಹುಡುಕಿದಳು. ಮೇಜಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ ಅಂಗೈಯಿಂದ ಒತ್ತಿ ನೋಡುವಳು, ಮತ್ತೆ ಸುತ್ತುವಳು. ಮಂಚದ ಕಾಲನ್ನು ಬಿಚ್ಚುವಳು, ಸುತ್ತುವಳು. ನೆಲದ ಗೋಣಿಗಳನ್ನು ಎತ್ತಿ, ಕೆಳಗಿನ ಸಿಮೆಂಟನ್ನು ಕೈಯಿಂದ ತಡವುವಳು. ಅಜ್ಜಿ ತನ್ನ ಹಳೆಯ ಮಾತನ್ನು ಅದಾದ ಮೇಲೆ ಒಮ್ಮೆಯೂ ಆಡಲಿಲ್ಲ. ಬೇರೆ ಯಾವ ಮಾತೂ ಅವರಿಬ್ಬರ ನಡುವೆ ಇರಲಿಲ್ಲವಾದ್ದರಿಂದ ಮನೆಯಲ್ಲಿ ಸದ್ದೇ ಇಲ್ಲವಾಯಿತು. ನಾನು ಅಂಗಿಯ ವಿಷಯ ಹೇಳಬೇಕೆಂದು ಎಷ್ಟೋ ಸಲ ಅವ್ವನ ಹಿಂದೆ ಹೋಗಿ ನಿಂತೆ. ಅವಳು ತಿರುಗಿದರೆ, ನೀರು ಬೇಕಾ ಎಂದು ಕೇಳಿ ಬಂದುಬಿಡುತ್ತಿದ್ದೆ.

ಮೇ ತಿಂಗಳು ಬಂತು. ಮುಚ್ಚಿದ ಕಿಟಕಿಯಾಚೆ ಆ ಮುಳ್ಳುಬಳ್ಳಿಗಳು ಯಾರ ಹಂಗೂ ಇಲ್ಲದೆ ಒಂದರ ಮೇಲೊಂದು ಬಿದ್ದು ಬೆಳೆದು ಗುಡ್ಡೆಯಾಗಿದ್ದವು. ನುಣ್ಣನೆಯ ಗಿಡ ಎಂದೂ ಬಿಡದಷ್ಟು ಹಣ್ಣು. ಲೈನಿನ ಮಕ್ಕಳು ಮೊದಲ ದಿನ ದೂರ ನಿಂತು ನೋಡಿ ಹೋದರು. ಎರಡನೆಯ ದಿನ ಒಳಗೆ ಬಂದರು. ಅವ್ವ ಬಾಗಿಲಿಗೆ ಬಂದು ನಿಂತಳು. ಬೈದು ಓಡಿಸುತ್ತಾಳೆ ಎಂದು ನಾನು ಹಿಂದೆ ಹೋದೆ. ಅವಳೋ, ಮಕ್ಕಳು ಪೊದೆಯೊಳಗೆ ಕೈ ತೂರಿಸಿ ಕೀಳುವುದನ್ನು, ಆ, ಊ ಎಂದು ಕೈ ಎಳೆದುಕೊಳ್ಳುವುದನ್ನು, ಮತ್ತೆ ತೂರಿಸುವುದನ್ನು ನೋಡುತ್ತ ನಿಂತಳು. ಸೆಲ್ವಿ ಎಲ್ಲರಿಗಿಂತ ಒಳಗೆ ಹೋಗಿದ್ದಳು. ಅವಳು ಕೈ ಹೊರಗೆ ತೆಗೆದಾಗ ಮುಂಗೈ ಮೇಲೆ ಉದ್ದಕ್ಕೆ ಗೀರಿ, ರಕ್ತ ಸಾಲಾಗಿ ಮಣಿಗಟ್ಟಿತ್ತು.

ಅವ್ವ ಅಂಗಳಕ್ಕೆ ಇಳಿದು ಹೋಗಿ ಅವಳ ಮಣಿಕಟ್ಟು ಹಿಡಿದಳು. ಮಕ್ಕಳೆಲ್ಲ ಚದುರಿದರು. ಸೆಲ್ವಿಗೆ ಹೆದರಿಕೆಯಾಯಿತು.

"ಇನ್ನು ಬರಲ್ಲ ಅಮ್ಮ, ಬಿಡಿ ಅಮ್ಮ."

ಅವ್ವ ಬಿಡಲಿಲ್ಲ. ಅವಳ ಕೈಯನ್ನು ಬಿಸಿಲಿಗೆ ತಿರುಗಿಸಿ, ಬಗ್ಗಿ, ಆ ಗೀರನ್ನೇ ನೋಡುತ್ತ ನಿಂತಳು. ಒಂದು ಹನಿ ಉರುಳಿತು. ಇನ್ನೊಂದು ದಪ್ಪವಾಯಿತು, ಉರುಳಲಿಲ್ಲ. ಮಿಕ್ಕವು ಇದ್ದಲ್ಲೇ ಇದ್ದವು. ನಾನು ಎಣಿಸಲಿಲ್ಲ, ಎರಡು ಮೂರು ನಿಮಿಷ ಇರಬಹುದು ಅಷ್ಟೆ. ಅವ್ವ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಮತ್ತೆ ಬರಲಿಲ್ಲ.

"ನಿಂತೋಯ್ತು," ಎಂದಳು ಅವ್ವ. "ಲಲ್ಲಿ, ಬಾ ಇಲ್ಲಿ, ನೋಡು. ತಾನಾಗೇ ನಿಂತೋಯ್ತು."

ಅರಿಸಿನ ಇಲ್ಲ, ಬಟ್ಟೆ ಇಲ್ಲ. ಸೆಲ್ವಿ ನನ್ನ ಮುಖ ನೋಡಿದಳು. ಅವ್ವ ಅವಳ ಕೈ ಹಿಡಿದುಕೊಂಡೇ ಇದ್ದಳು. ಸೆರಗಿನ ಇನ್ನೊಂದು ತುದಿ ತೆಗೆದು, ಒಣಗಿದ ಗೀರನ್ನು ಮತ್ತೊಮ್ಮೆ ಒರೆಸಿ, ಕಾದಳು.